ಗಣೆ ಹಾಡಿನ ಆಲ್ಬಂಗೆ ಪ್ಯಾಕಿಂಗ್: 500 ಪ್ರತಿ, ಸಿಡಿ ಮತ್ತು ಪೆನ್‌ಡ್ರೈವ್. ಮುಖಪುಟಕ್ಕೆ ಕೋಟೆ ಹಾಕಬಹುದಾ?

ಹಟ್ಟಿ_ಹಾಡು, ಚಿತ್ರದುರ್ಗ

ಎಲ್ಲರಿಗೂ ನಮಸ್ಕಾರ. ಚಳ್ಳಕೆರೆ ಕಡೆಯ ದನಗಾಹಿ ಕಾಡುಗೊಲ್ಲ ಕಲಾವಿದರ ಗಣೆ (ಉದ್ದನೆಯ ಬಿದಿರಿನ ಕೊಳಲು) ವಾದನ, ಜೊತೆಗೆ ಅವರ ದೈವ ಜುಂಜಪ್ಪನ ಕಾವ್ಯದ ಆಯ್ದ ಭಾಗಗಳು. 9 ಟ್ರ್ಯಾಕ್, 62 ನಿಮಿಷ. ಮಿಕ್ಸಿಂಗ್ ಮುಗಿದಿದೆ, ಈಗ ಪ್ಯಾಕಿಂಗ್ ಕೆಲಸ. 500 ಪ್ರತಿ ಸಾಕು. ಮಾರಾಟ ಮೂರು ಕಡೆ: ನಾಯಕನಹಟ್ಟಿ ಜಾತ್ರೆಯ ಮಳಿಗೆ, ಸಾಣೇಹಳ್ಳಿ ನಾಟಕೋತ್ಸವ, ಮತ್ತೆ ಅಂಚೆ ಮೂಲಕ.

ಸದ್ಯದ ಯೋಚನೆ ಹೀಗಿದೆ. ಪ್ಲಾಸ್ಟಿಕ್ ಡಬ್ಬಿ ಬೇಡ, ಪುಸ್ತಕದ ಹಾಗೆ ತೆರೆಯುವ ರಟ್ಟಿನ ವ್ಯಾಲೆಟ್. ಒಂದು ಕಡೆ ಸಿಡಿ, ಇನ್ನೊಂದು ಕಡೆ ಕಾರ್ಡ್ ಪೆನ್‌ಡ್ರೈವ್ (ಎಟಿಎಂ ಕಾರ್ಡಿನ ಆಕಾರದ್ದು), ನಡುವೆ 16 ಪುಟದ ಪುಸ್ತಿಕೆ. ಮುಖಪುಟದಲ್ಲಿ ಸಂಜೆ ಹೊತ್ತಿನ ಏಳು ಸುತ್ತಿನ ಕೋಟೆ, ಸಿಡಿ ಮೇಲೆ ಜುಂಜಪ್ಪನ ಚಿತ್ರ, ಒಳಗೆಲ್ಲ ಕಂಬಳಿಯ ಕಪ್ಪು. ಪ್ರಿಂಟ್ ದಾವಣಗೆರೆಯಲ್ಲೇ, 19×25 ಇಂಚಿನ ಆಫ್‌ಸೆಟ್ ಮಷಿನ್‌ನಲ್ಲಿ. ಅಳತೆ, ಬೋರ್ಡು, ಮುಖಪುಟ, ಏನು ತಪ್ಪಬಹುದು, ಬಲ್ಲವರು ಹೇಳಿ. ಮುಲಾಜಿಲ್ಲದೆ ಹೇಳಿದರೂ ಪರವಾಗಿಲ್ಲ.

ಗ್ರಿಪ್ಪರ್, ದಾವಣಗೆರೆ

ಮೊದಲು ಅಳತೆ. ಚಿತ್ರ ಏನು ಬೇಕಾದರೂ ಇರಲಿ, ಹಾಳೆಯಲ್ಲಿ ಕೂರದಿದ್ದರೆ ಎಲ್ಲಾ ವ್ಯರ್ಥ.

ಸಿಡಿ ವ್ಯಾಸ 120 ಮಿ.ಮೀ. ವ್ಯಾಲೆಟ್‌ನ ಒಂದೊಂದು ಮುಖ 127×127 ಇಟ್ಟುಕೊಳ್ಳಿ. ಕೆಲವರು 125 ಇಡುತ್ತಾರೆ, ಅದೂ ನಡೆಯುತ್ತೆ. ಆದರೆ ಅಂಟು ಒಳಗೆ 1 ಮಿ.ಮೀ. ಹರಿದರೂ ಡಿಸ್ಕ್ ಬಿಗಿಯಾಗಿ ಸಿಕ್ಕಿಕೊಳ್ಳುತ್ತೆ. ಕೆಳಗಿನಿಂದ ಮಡಚಿ ಬರುವ ಪಾಕೆಟ್ ಎತ್ತರ ಎಲ್ಲರೂ 120 ಅಂತಲೇ ಹಾಕಿಕೊಂಡು ಬರುತ್ತಾರೆ. ಅಲ್ಲೇ ಹಾಳೆ ಕೈಕೊಡೋದು. ಲೆಕ್ಕ ನೋಡಿ: 127 + 120 + ಎರಡು ಬದಿಯ ಬ್ಲೀಡ್ (ಕತ್ತರಿಸೋಕೆ ಅಂತ ಅಂಚಿನಾಚೆ ಬಿಡುವ ಬಣ್ಣ) 6 = 253. ಒಂದರ ಮೇಲೊಂದು ಎರಡು ಇಟ್ಟರೆ 506. ನಿಮ್ಮ ಹಾಳೆ 19 ಇಂಚು ಅಂದರೆ 482 ಮಿ.ಮೀ. ಕೂರಲ್ಲ. ಹಾಳೆಗೆ ಎರಡೇ ಬರುತ್ತೆ, ಕಾಗದದ ಖರ್ಚು ಡಬಲ್.

ಪಾಕೆಟ್ 95 ಮಾಡಿ. 127 + 95 + 6 = 228, ಎರಡಕ್ಕೆ 456, ಗ್ರಿಪ್ಪರ್‌ಗೆ (ಮಷಿನ್ ಹಾಳೆ ಹಿಡಿಯುವ ಅಂಚು) 12 ಸೇರಿಸಿದರೆ 468. ಬಣ್ಣದ ಪಟ್ಟಿಗೂ ಜಾಗ ಉಳಿಯಿತು. ಅಗಲದಲ್ಲಿ 127 + ಬೆನ್ನು (ಎರಡು ಮುಖದ ನಡುವಿನ ಪಟ್ಟಿ) 6 + 127, ಎರಡು ಬದಿ ಅಂಟಿನ ಪಟ್ಟಿ 12ರಂತೆ, ಬ್ಲೀಡ್ ಸೇರಿ ಸುಮಾರು 290. ಎರಡಕ್ಕೆ 580, ಹಾಳೆ 635 ಇದೆ. ಒಂದು ಹಾಳೆಗೆ 4 ವ್ಯಾಲೆಟ್ ಸಿಕ್ಕಿತು. 500ಕ್ಕೆ 125 ಹಾಳೆ. ಬಣ್ಣ ಹೊಂದಿಸೋಕೆ, ಲ್ಯಾಮಿನೇಶನ್‌ಗೆ (ಮೇಲೆ ತೆಳು ಪ್ಲಾಸ್ಟಿಕ್ ಫಿಲ್ಮ್ ಅಂಟಿಸೋದು), ಡೈಗೆ (ಆಕಾರಕ್ಕೆ ಕತ್ತರಿಸುವ ಅಚ್ಚು) ಹಾಳಾಗೋದು ಸೇರಿ 200 ಹಾಳೆ ಕಟ್ ಮಾಡಿಸಿ. ಇಷ್ಟು ಸಣ್ಣ ಕೆಲಸಕ್ಕೆ ‘ಶೇಕಡಾ 10 ವೇಸ್ಟೇಜ್’ ಅನ್ನೋ ಲೆಕ್ಕ ನಡೆಯಲ್ಲ, ಬಣ್ಣ ಸರಿಗೆ ಬರೋ ಹೊತ್ತಿಗೇ ಅಷ್ಟು ಹಾಳೆ ಹೋಗಿರುತ್ತೆ. ಪಾಕೆಟ್ ಗಿಡ್ಡ ಆಯ್ತು ಅಂತ ಚಿಂತೆ ಬೇಡ. ಡಿಸ್ಕ್ 25 ಮಿ.ಮೀ. ಮೇಲೆ ಕಾಣುತ್ತೆ, ಹಿಡಿದು ಎಳೆಯೋಕೆ ಅದೇ ಅನುಕೂಲ.

ಬೋರ್ಡ್ 300 ಜಿಎಸ್‌ಎಂ (ಚದರ ಮೀಟರ್‌ಗೆ ಗ್ರಾಂ ತೂಕ) ಎಫ್‌ಬಿಬಿ (ಡಬ್ಬಿ ಮಾಡುವ ರಟ್ಟು) ಸಾಕು. ಅದರಲ್ಲಿ ಎರಡು ದಿಕ್ಕಿಗೆ ಮಡಿಕೆ ಇದೆ: ಬೆನ್ನಿನದು ಲಂಬ, ಪಾಕೆಟ್‌ದು ಅಡ್ಡ. ಕಾಗದದ ಗ್ರೇನ್ (ನಾರಿನ ದಿಕ್ಕು) ಬೆನ್ನಿನ ಮಡಿಕೆಗೆ ಸಮಾನಾಂತರ ಇರಲಿ, ಯಾಕಂದ್ರೆ ಜನ ತೆರೆದು ಮುಚ್ಚೋದು ಅದನ್ನೇ. ಪಾಕೆಟ್ ಮಡಿಕೆ ಒಮ್ಮೆ ಅಂಟಿತು ಅಂದ್ರೆ ಮುಗೀತು. ಗ್ರೇನ್ ಉಲ್ಟಾ ಬಂದು, ಮೇಲೆ ನೀವು ಹೇಳೋ ಗಾಢ ಕಪ್ಪು ಇದ್ದರೆ, ಬೆನ್ನುದ್ದಕ್ಕೂ ಬಿಳಿ ಬಿರುಕು ಬಿಡುತ್ತೆ. ಲ್ಯಾಮಿನೇಶನ್ ಅದನ್ನು ಅರ್ಧ ಮುಚ್ಚುತ್ತೆ, ಪೂರ್ತಿ ಅಲ್ಲ.

ಇನ್ನೊಂದು, ಬಹಳ ಕೆಲಸ ಕೆಡೋದು ಅಂಟಿನಲ್ಲಿ. ಪಟ್ಟಿ ಒಳಗೆ ಮಡಚಿದಾಗ ಅದರ ಲ್ಯಾಮಿನೇಟ್ ಆದ ಮುಖ ಪಾಕೆಟ್‌ನ ಒಳಮೈಗೆ ತಾಗುತ್ತೆ. ಮಾಮೂಲಿ ಬಿಳಿ ಗೋಂದು ಪ್ಲಾಸ್ಟಿಕ್ ಫಿಲ್ಮ್ ಮೇಲೆ ಹಿಡಿಯಲ್ಲ. ಒಣಗಿದ ಹಾಗೆ ಕಾಣುತ್ತೆ, ಒಂದು ತಿಂಗಳಿಗೆ ಪಟಪಟ ಬಿಚ್ಚಿಕೊಳ್ಳುತ್ತೆ. ಡೈ ಮಾಡಿಸುವಾಗಲೇ ಆ ಪಟ್ಟಿ ಮೇಲೆ ಪರ್ಫೊರೇಶನ್ ಗೀರು (ಸಣ್ಣ ತೂತಿನ ಸಾಲು) ಹಾಕಿಸಿ, ಗೋಂದು ರಟ್ಟಿಗೆ ಇಳಿಯುತ್ತೆ. 500 ಪ್ರತಿ ಕೈಯಲ್ಲೇ ಅಂಟಿಸೋದಾದ್ರೆ 6 ಮಿ.ಮೀ. ಡಬಲ್ ಸೈಡ್ ಟೇಪ್ ಇನ್ನೂ ಸಲೀಸು. ಹಾಟ್ ಮೆಲ್ಟ್ (ಬಿಸಿ ಮಾಡಿ ಹಚ್ಚುವ ಅಂಟು) ಬೇಡ. ಬೇಸಿಗೆಯಲ್ಲಿ ಕಾರಿನ ಡ್ಯಾಶ್‌ಬೋರ್ಡ್ ಮೇಲಿಟ್ಟರೆ ಮೆತ್ತಗಾಗುತ್ತೆ.

ಬೆನ್ನು 6 ಯಾಕೆ ಅಂದ್ರೆ ಕೂಡಿಸಿ: ರಟ್ಟು ನಾಲ್ಕು ಪದರ 1.6, ಸಿಡಿ 1.2, 16 ಪುಟ ಅಂದರೆ 8 ಎಲೆ 130 ಜಿಎಸ್‌ಎಂ ಆರ್ಟ್ ಪೇಪರ್ 0.8, ಕಾರ್ಡ್ ಪೆನ್‌ಡ್ರೈವ್ ಸುಮಾರು 2. ಒಟ್ಟು 5.6.

ಒತ್ತಕ್ಷರ

ಮುಲಾಜಿಲ್ಲದೆ ಹೇಳಿ ಅಂದಿದ್ದೀರಿ. ಕೋಟೆ ಬೇಡ.

ಕೋಟೆ ಚಿತ್ರ ನೋಡಿದವರ ತಲೆಗೆ ಬರೋದು ಮದಕರಿ ನಾಯಕ, ಓಬವ್ವ, ಶಾಲಾ ಪ್ರವಾಸ. ಜಿಲ್ಲೆಯ ಡೈರಿ, ಕ್ಯಾಲೆಂಡರ್, ಬ್ಯಾಂಕಿನ ಗೋಡೆ, ಲಾಡ್ಜ್ ಬೋರ್ಡು ಎಲ್ಲದರ ಮೇಲೂ ಅದೇ ಬುರುಜು. ಜುಂಜಪ್ಪ ದನಗಾಹಿಗಳ ದೈವ, ಈ ಸಂಗೀತ ಹುಟ್ಟಿದ್ದು ಹಟ್ಟಿಯಲ್ಲಿ, ದನ ಮೇಯುವ ಕಾವಲಿನಲ್ಲಿ. ಕೋಟೆ ನೋಡಿ ಕೊಂಡವನು ಒಳಗೆ ವೀರಗೀತೆ ಹುಡುಕುತ್ತಾನೆ. ಗಣೆ ಕೇಳಬೇಕು ಅಂತ ಬಂದವನು ನಿಮ್ಮ ಮಳಿಗೆ ದಾಟಿ ಹೋಗುತ್ತಾನೆ. ಎರಡೂ ಕಡೆ ನಷ್ಟ. ಮುಖಪುಟ ಜಿಲ್ಲೆಯ ಜಾಹೀರಾತಲ್ಲ, ಒಳಗಿರೋ ದನಿಯ ಗುರುತು.

ಮತ್ತೆ ಏನು ಹಾಕೋದು? ಗಣೆಯನ್ನೇ ಹಾಕಿ. ಅದು ಉದ್ದನೆಯ ಬಿದಿರು, ಚೌಕದೊಳಗೆ ಪೂರ್ತಿ ತೋರಿಸಹೊರಟರೆ ಕಡ್ಡಿಯ ಹಾಗೆ ಕಾಣುತ್ತೆ. ಪೂರ್ತಿ ತೋರಿಸಬೇಡಿ. ಅಡ್ಡಲಾಗಿ ಇಟ್ಟು ಎಡ ಅಂಚಿನಿಂದ ಬಲ ಅಂಚಿನ ಆಚೆಗೆ ಹೋಗಲಿ, ಒಂದು ಕಡೆ ರಂಧ್ರದ ಮೇಲೆ ಬೆರಳು ಇರಲಿ. ಹೀಗೆ ಮಾಡಿದರೆ ಒಂದು ಲಾಭ ಇದೆ: ಮಳಿಗೆಯಲ್ಲಿ ಐದಾರು ಪ್ರತಿ ಪಕ್ಕಪಕ್ಕ ನಿಲ್ಲಿಸಿದಾಗ ಬಿದಿರು ಒಂದಕ್ಕೊಂದು ಕೂಡಿ ಒಂದೇ ಉದ್ದ ಗಣೆ ಆಗುತ್ತೆ. ಎರಡು ಮೀಟರ್ ದೂರದಿಂದ ಕಾಲು ನಿಲ್ಲಿಸೋದು ಆ ಸಾಲು. ಇದು ಕೆಲಸ ಮಾಡಬೇಕಾದರೆ ಎರಡು ಅಂಚಿನಲ್ಲೂ ಬಿದಿರಿನ ನಡುಗೆರೆ ಕೆಳಗಿನಿಂದ ಒಂದೇ ಎತ್ತರದಲ್ಲಿರಬೇಕು, ದಪ್ಪ 20 ಮಿ.ಮೀ.ಗೆ ಕಮ್ಮಿ ಇರಬಾರದು. ಡೈ ಕಟಿಂಗ್‌ನಲ್ಲಿ 1 ಮಿ.ಮೀ. ಆಚೀಚೆ ಆಗಿಯೇ ಆಗುತ್ತೆ. 20 ಮಿ.ಮೀ. ದಪ್ಪದಲ್ಲಿ ಅದು ಗೊತ್ತಾಗಲ್ಲ, 6 ಮಿ.ಮೀ. ಕಡ್ಡಿಯಲ್ಲಿ ಮುರಿದ ಹಾಗೆ ಕಾಣುತ್ತೆ.

‘ಹೆಸರೇ ಬೇಡ, ಚಿತ್ರ ಒಂದೇ ಸಾಕು’ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಇಂಗ್ಲೆಂಡಿನ ರಾಕ್ ತಂಡ ಪಿಂಕ್ ಫ್ಲಾಯ್ಡ್ 1970ರಲ್ಲಿ ಬರೀ ಒಂದು ಹಸುವಿನ ಫೋಟೊ ಹಾಕಿ, ತಂಡದ ಹೆಸರೂ ಇಲ್ಲದೆ ರೆಕಾರ್ಡ್ ತಂದಿದ್ದು ನಿಜ, ಅದು ಇಂಗ್ಲೆಂಡಿನ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಹೋಗಿದ್ದೂ ನಿಜ. ಅಷ್ಟು ಹೊತ್ತಿಗೆ ಅಂಗಡಿಯವನಿಗೂ ಗಿರಾಕಿಗೂ ಅದು ಯಾರದು ಅಂತ ಗೊತ್ತಿತ್ತು. ನಿಮ್ಮ ಕಲಾವಿದರ ಹೆಸರು ಮುಂದೆಯೇ, ದೊಡ್ಡದಾಗಿಯೇ ಇರಬೇಕು. ನಿರ್ಮಾಪಕರ, ಸಂಸ್ಥೆಯ ಹೆಸರು ಹಿಂದೆ ಹೋಗಲಿ. ಜನಪದ ಆಲ್ಬಂಗಳಲ್ಲಿ ಸಂಗ್ರಹಿಸಿದವರ ಹೆಸರು ದಪ್ಪಕ್ಷರದಲ್ಲಿ, ಹಾಡಿದವರದು ‘ಮತ್ತು ಸಂಗಡಿಗರು’ ಆಗಿರುತ್ತೆ. ಆ ಚಾಳಿ ಬಿಡಿ.

ಸಿಡಿ ಮೇಲೆ ಜುಂಜಪ್ಪನ ಚಿತ್ರ ಖಂಡಿತ ಬೇಡ. ಡಿಸ್ಕ್ ನಡುವೆ 15 ಮಿ.ಮೀ. ತೂತು ಇದೆ, ದೇವರ ಎದೆಗೋ ಮುಖಕ್ಕೋ ಬರುತ್ತೆ. ಜೊತೆಗೆ ಡಿಸ್ಕ್ ನೆಲಕ್ಕೆ ಬೀಳುತ್ತೆ, ಗೀರಿದರೆ ಕಸಕ್ಕೆ ಹೋಗುತ್ತೆ. ನಂಬುವ ಜನ ಕೊಳ್ಳುವ ವಸ್ತು ಇದು. ದೈವದ ಚಿತ್ರ ಇರಲೇಬೇಕು ಅಂದರೆ ಪುಸ್ತಿಕೆಯ ಒಳಪುಟದಲ್ಲಿ, ಮಡಿಕೆ ದಾಟದ ಹಾಗೆ, ಸ್ಟೇಪಲ್ ಪಿನ್ ಬೀಳದ ಪುಟದಲ್ಲಿ ಹಾಕಿ. 16 ಪುಟದಲ್ಲಿ 8 ಮತ್ತು 9 ಬಿಟ್ಟು ಬೇರೆಲ್ಲಾದರೂ ಸರಿ. ಡಿಸ್ಕ್‌ಗೆ ಬಿದಿರಿನ ಅಡ್ಡಕೊಯ್ತದ ಫೋಟೊ ಸೊಗಸಾಗಿ ಹೊಂದುತ್ತೆ, ತೂತಿನ ಜಾಗದಲ್ಲಿ ತೂತೇ ಇರುತ್ತೆ.

ಕಂಬಳಿ ಕಪ್ಪು ಒಳ್ಳೇ ಯೋಚನೆ, ಆದರೆ ಎರಡು ತೊಂದರೆ. ಒಂದು, ನೇಯ್ಗೆಯನ್ನು ಸ್ಕ್ಯಾನ್ ಮಾಡಿ ಅದೇ ಗಾತ್ರಕ್ಕೆ ಪ್ರಿಂಟ್ ಹಾಕಿದರೆ ಎಳೆಯ ಸಾಲು ಮತ್ತು ಪ್ರಿಂಟಿನ ಚುಕ್ಕಿ ಸಾಲು ಸಿಕ್ಕಿಕೊಂಡು ನೀರಲೆಯ ಹಾಗೆ ಮೊಯರೆ ಬರುತ್ತೆ. ಪಕ್ಕದಿಂದ ತಗ್ಗಿನ ಬೆಳಕು ಕೊಟ್ಟು ಫೋಟೊ ತೆಗೆದು, ಎಳೆ ಎರಡು ಪಟ್ಟು ದೊಡ್ಡದಾಗಿ ಕಾಣುವಂತೆ ಬಳಸಿ. ಎರಡು, ಕಪ್ಪು. ಬರೀ ಕೆ 100 (ಕಪ್ಪು ಇಂಕ್ ಒಂದೇ) ಹಾಕಿದರೆ ದೊಡ್ಡ ಜಾಗದಲ್ಲಿ ಬೂದು ಕಾಣುತ್ತೆ. ಸಿ (ನೀಲಿ) 60, ಎಂ (ಗುಲಾಬಿ) 40, ವೈ (ಹಳದಿ) 40, ಕೆ 100 ಹಾಕಿ, ಒಟ್ಟು 240. ಅದಕ್ಕಿಂತ ಏರಿಸಿದರೆ ಇಂಕ್ ಒಣಗದೆ ಮೇಲಿನ ಹಾಳೆಯ ಬೆನ್ನಿಗೆ ಅಂಟುತ್ತೆ.

ಆದರೆ ಆ ನಾಲ್ಕು ಬಣ್ಣದ ಕಪ್ಪಿನಲ್ಲಿ ಬಿಳಿ ಅಕ್ಷರ ಕೊರೆದು ತೆಗೆಯುವಾಗ ಕನ್ನಡಕ್ಕೆ ಪೆಟ್ಟು ಬೀಳುತ್ತೆ. ಒಂದು ಬಣ್ಣದ ಪ್ಲೇಟ್ ಕೂದಲೆಳೆಯಷ್ಟು ಸರಿದರೆ ಥ ಅಕ್ಷರದ ಒಳಚುಕ್ಕಿ ಮುಚ್ಚಿ ಹೋಗಿ ‘ಕಥೆ’ ‘ಕಧೆ’ ಆಗುತ್ತೆ. ಧ ಅಕ್ಷರದ ಕೆಳಸೀಳು ಮುಚ್ಚಿದರೆ ‘ಧನ’ ‘ದನ’ ಆಗುತ್ತೆ. ದನಗಾಹಿಗಳ ಆಲ್ಬಂನಲ್ಲಿ ಅದು ಯಾರ ಕಣ್ಣಿಗೂ ಬೀಳದೆ ಹೋಗಬಹುದು, ಅದು ಬೇರೆ ಮಾತು. ಬಿಳಿ ಅಕ್ಷರ 9 ಪಾಯಿಂಟ್‌ಗೆ ಕಮ್ಮಿ ಬೇಡ, ಬೋಲ್ಡ್ ಇರಲಿ. ಪುಸ್ತಿಕೆಯ ಸಾಹಿತ್ಯ ಮಾತ್ರ ಬಿಳಿ ಕಾಗದದ ಮೇಲೆ ಬರೀ ಕೆ 100ರಲ್ಲಿ, 9 ಪಾಯಿಂಟ್ ಅಕ್ಷರಕ್ಕೆ 14 ಪಾಯಿಂಟ್ ಸಾಲಿನಂತರ. ಇಂಗ್ಲಿಷ್ ಲೆಕ್ಕದಲ್ಲಿ 11 ಇಟ್ಟರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಗುದ್ದುತ್ತೆ.

ಬೆನ್ನಿನ ಮೇಲೂ ಇದೇ ಗೋಳು. 8 ಪಾಯಿಂಟ್ ಅಂದರೆ 2.8 ಮಿ.ಮೀ., ಗುಡಿಸು ಮತ್ತು ಒತ್ತು ಸೇರಿ 4.2ರ ತನಕ ಹೋಗುತ್ತೆ. ಅಕ್ಷರ ಇನ್ನೂ ದೊಡ್ಡದಾದರೆ ‘ಜುಂಜಪ್ಪ’ದ ಒತ್ತು ಮಡಿಕೆ ದಾಟಿ ಹಿಂಬದಿಗೆ ಇಳಿದುಬಿಡುತ್ತೆ. 6 ಮಿ.ಮೀ. ಬೆನ್ನಿಗೆ 8 ಪಾಯಿಂಟ್ ಸರಿ, ಮೇಲೆ ಹೋಗಬೇಡಿ.

ಫೈಲ್ ಕಳಿಸುವ ಮುಂಚೆ ‘ಚಿತ್ರದುರ್ಗ’ ಅನ್ನೋ ಪದ ಎಲ್ಲೆಲ್ಲಿದೆಯೋ ಅಲ್ಲೆಲ್ಲ ಕಣ್ಣಾಡಿಸಿ. ತ್ರ ಒತ್ತು, ಅರ್ಕಾವತ್ತು ಎರಡೂ ಅದರಲ್ಲಿವೆ, ಪರೀಕ್ಷೆಗೆ ಅದೊಂದೇ ಪದ ಸಾಕು. ಪುಟ ಕಟ್ಟುವ ಇನ್‌ಡಿಸೈನ್‌ನಲ್ಲಿ ವರ್ಲ್ಡ್ ರೆಡಿ ಕಂಪೋಸರ್ ಆನ್ ಮಾಡದಿದ್ದರೆ ಯೂನಿಕೋಡ್ ಕನ್ನಡ ಬಿಡಿಬಿಡಿಯಾಗಿ ಒಡೆದು ಬರುತ್ತೆ. ಹಳೇ ಕೋರೆಲ್ ಇದ್ದ ಕಡೆ ಇನ್ನೂ ನುಡಿಯ ಹಳೆ ಫಾಂಟೇ ಓಡುತ್ತೆ. ಹಾಗಾಗಿ ಎಲ್ಲವನ್ನೂ ಕರ್ವ್ ಮಾಡಿ (ಅಕ್ಷರವನ್ನು ಗೆರೆಚಿತ್ರವಾಗಿ ಬದಲಿಸಿ) ಪಿಡಿಎಫ್ ಕೊಡಿ, ತಿದ್ದೋಕೆ ಬರುವ ಫೈಲ್ ನಿಮ್ಮ ಹತ್ತಿರ ಬೇರೆ ಇರಲಿ.

ಟೇಪ್_ಸುರುಳಿ

ಮೇಲಿನ ಇಬ್ಬರೂ ಹೇಳಿದ್ದು ಸರಿ, ಆದರೆ ಮೂಲ ಪ್ರಶ್ನೆ ಕೇಳಲಿಲ್ಲ. ಸಿಡಿ, ಪೆನ್‌ಡ್ರೈವ್ ಎರಡೂ ಒಂದೇ ಪ್ಯಾಕ್‌ನಲ್ಲಿ ಯಾಕೆ?

ನಾಯಕನಹಟ್ಟಿಯಲ್ಲಿ ಕೊಳ್ಳೋರು ಟ್ರ್ಯಾಕ್ಟರ್, ಆಟೊ, ಕಾರಿನಲ್ಲಿ ಕೇಳೋರು, ಅವರಿಗೆ ಸಿಡಿ ಹಾಕೋಕೆ ಜಾಗವೇ ಇಲ್ಲ. ಸಾಣೇಹಳ್ಳಿಗೆ ಬರೋರು ಪುಸ್ತಿಕೆ ಓದೋ ಜನ, ಸಿಡಿ ಇಟ್ಟುಕೊಳ್ಳುತ್ತಾರೆ. ಎರಡನ್ನೂ ತುರುಕಿದರೆ ಪ್ರತಿಯೊಬ್ಬನೂ ತನಗೆ ಬೇಡದ್ದಕ್ಕೆ ದುಡ್ಡು ಕೊಡಬೇಕು.

ಅಲ್ಲದೆ ಒಂದರ ಮೇಲೊಂದು ಒತ್ತುತ್ತೆ. ರಾಕ್ ತಂಡ ರೋಲಿಂಗ್ ಸ್ಟೋನ್ಸ್‌ನವರ 1971ರ ರೆಕಾರ್ಡ್ ಕವರ್ ಮೇಲೆ ನಿಜವಾದ ಪ್ಯಾಂಟ್ ಜಿಪ್ ಇತ್ತು. ಪೆಟ್ಟಿಗೆಯಲ್ಲಿ ಪೇರಿಸಿದಾಗ ಜಿಪ್ಪಿನ ಹಿಡಿ ಪಕ್ಕದ ರೆಕಾರ್ಡಿಗೆ ಒತ್ತಿ ಗೆರೆ ಬಿತ್ತು. ಆಮೇಲೆ ಜಿಪ್ ಅರ್ಧ ಕೆಳಗೆ ಎಳೆದು ಕಳಿಸಿದರು, ಒತ್ತಿದರೂ ಹಾಡಿರುವ ಜಾಗಕ್ಕಲ್ಲ, ನಡುವಿನ ಲೇಬಲ್‌ಗೆ ಒತ್ತಲಿ ಅಂತ. ನಿಮ್ಮ ಪೆನ್‌ಡ್ರೈವ್‌ನ ಲೋಹದ ತುದಿಯೂ ಅದೇ ಕೆಲಸ ಮಾಡುತ್ತೆ. ಸಿಡಿಯಲ್ಲಿ ಮಾಹಿತಿಯ ಪದರ ಇರೋದು ಲೇಬಲ್ ಕಡೆ, ಲ್ಯಾಕರ್‌ನ ಕೆಳಗೇ. ಹೊಳೆಯುವ ಕಡೆ ಗೀರು ಬಿದ್ದರೆ ಪಾಲಿಶ್ ಮಾಡಬಹುದು, ಲೇಬಲ್ ಕಡೆ ಕುಕ್ಕಿದರೆ ಅಷ್ಟೇ.

ನನ್ನ ಸಲಹೆ: ವ್ಯಾಲೆಟ್ ಒಂದೇ ಮಾಡಿ, ಬಲಗಡೆ ಪಾಕೆಟ್‌ಗೆ ಎರಡು ಬಗೆ. 200ಕ್ಕೆ ಸಿಡಿ. ಉಳಿದ 300ಕ್ಕೆ 120 ಮಿ.ಮೀ. ವ್ಯಾಸದ ದುಂಡು ರಟ್ಟು, 2 ಮಿ.ಮೀ. ಗ್ರೇ ಬೋರ್ಡ್, ನಡುವೆ ಪೆನ್‌ಡ್ರೈವ್ ಕೂರುವ ಕಿಟಕಿ. ಕಾರ್ಡ್ ಪೆನ್‌ಡ್ರೈವ್ 85.6×54, ಮೂಲೆಯಿಂದ ಮೂಲೆಗೆ 101 ಮಿ.ಮೀ., 120ರ ವೃತ್ತದಲ್ಲಿ ಆರಾಮಾಗಿ ಕೂರುತ್ತೆ. ರಟ್ಟಿನ ಹಿಂದೆ ಕಾಗದ ಅಂಟಿಸಿದರೆ ಕೆಳಗೆ ಜಾರಲ್ಲ.

200 ಸಿಡಿಗೆ ಗ್ಲಾಸ್ ಮಾಸ್ಟರ್ (ಕಾರ್ಖಾನೆಯಲ್ಲಿ ಸಿಡಿ ಒತ್ತೋಕೆ ಮೂಲ ಅಚ್ಚು) ಮಾಡಿಸೋದು ದುಬಾರಿ, ಸಿಡಿ-ಆರ್ (ಖಾಲಿ ಡಿಸ್ಕ್) ಬರೆಸಿ. ಮೇಲೆ ನೇರ ಪ್ರಿಂಟ್ ಮಾಡಿಸಿ, ಕಾಗದದ ಸ್ಟಿಕ್ಕರ್ ಅಂಟಿಸಲೇಬೇಡಿ. ಸ್ವಲ್ಪ ವಾರೆಯಾದರೂ ಡಿಸ್ಕ್ ಅಲುಗುತ್ತೆ, ಬಿಸಿಗೆ ಅಂಚು ಎದ್ದರೆ ಪ್ಲೇಯರ್ ಒಳಗೇ ಸಿಕ್ಕಿಕೊಳ್ಳುತ್ತೆ. ಬೆಳ್ಳಿ ಮೈಯ ಡಿಸ್ಕ್ ಮೇಲೆ ಸ್ಕ್ರೀನ್ ಪ್ರಿಂಟ್ ಆದರೆ ಅಡಿಗೆ ಬಿಳಿ ಬಣ್ಣ ಒಂದು ಸುತ್ತು ಕೇಳಿ, ಇಲ್ಲಾಂದ್ರೆ ಬಿದಿರಿನ ಹಳದಿ ತುಕ್ಕು ಹಿಡಿದ ಹಾಗೆ ಬರುತ್ತೆ.

ಪೆನ್‌ಡ್ರೈವ್ 4 ಜಿಬಿ ಸಿಕ್ಕರೂ ಧಾರಾಳ. 62 ನಿಮಿಷ 320 ಕೆಬಿಪಿಎಸ್ ಎಂಪಿ3ಗೆ ಸುಮಾರು 150 ಎಂಬಿ, ವೇವ್ ಫೈಲ್ (ಕುಗ್ಗಿಸದ ಮೂಲ) ಸೇರಿಸಿದರೂ ಒಟ್ಟು 800 ಎಂಬಿ ಆಸುಪಾಸು. ಆದರೆ ವೇವ್ ಬೇರೆ ಫೋಲ್ಡರ್‌ನಲ್ಲಿರಲಿ, ಇಲ್ಲಾಂದ್ರೆ ಕಾರಿನಲ್ಲಿ ಪ್ರತಿ ಹಾಡೂ ಎರಡೆರಡು ಸಲ ಬರುತ್ತೆ. ಫ್ಯಾಟ್32ಗೇ ಫಾರ್ಮ್ಯಾಟ್ ಮಾಡಿ, ಎಷ್ಟೋ ಕಾರ್ ಸ್ಟೀರಿಯೊ ಬೇರೆ ಓದಲ್ಲ. ಫೈಲ್ ಹೆಸರು ಕನ್ನಡ ಲಿಪಿಯಲ್ಲಿಟ್ಟರೆ ಪರದೆ ಮೇಲೆ ಡಬ್ಬಿ ಡಬ್ಬಿ ಕಾಣುತ್ತೆ. ಬೇಜಾರಿನ ಸಂಗತಿ, ಆದರೂ 01, 02 ಅಂತ ಅಂಕಿ ಹಾಕಿ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲೇ ಬರೆಯಿರಿ. ಕೆಲವು ಸ್ಟೀರಿಯೊ ಹೆಸರಿನ ಕ್ರಮ ನೋಡಲ್ಲ, ಕಾಪಿ ಆದ ಕ್ರಮ ನೋಡುತ್ತೆ. ಅದಕ್ಕೆ ಹಾಡುಗಳನ್ನು ಒಂದೊಂದಾಗಿ, ಸರದಿಯಲ್ಲೇ ಕಾಪಿ ಮಾಡಬೇಕು.

ಹಿಂಬದಿಯಲ್ಲಿ ಏನಿರಬೇಕು ಅಂತ ಯಾರೂ ಹೇಳಿಲ್ಲ. ಕೈಗೆತ್ತಿಕೊಂಡವನು ಮೊದಲು ತಿರುಗಿಸಿ ನೋಡೋದು ಅದನ್ನೇ. 9 ಹಾಡಿನ ಹೆಸರು, ಎದುರಿಗೆ ಅವಧಿ, ಹಾಡಿದವರು, ಗಣೆ ಊದಿದವರು. ಆಮೇಲೆ ಕಾನೂನಿನದು: 1957ರ ಕೃತಿಸ್ವಾಮ್ಯ ಕಾಯ್ದೆಯ 52ಎ ಪ್ರಕಾರ ಧ್ವನಿಮುದ್ರಣ ಮಾಡಿದವರ ಹೆಸರು ವಿಳಾಸ, ಹಕ್ಕುದಾರರ ಹೆಸರು ವಿಳಾಸ, ಮೊದಲು ಪ್ರಕಟವಾದ ವರ್ಷ ಮೂರೂ ಇರಲೇಬೇಕು. ಎಲ್ಲಾ ತೆರಿಗೆ ಸೇರಿದ ಎಂಆರ್‌ಪಿ, ತಿಂಗಳು ಮತ್ತು ವರ್ಷ, ದೂರಿಗೆ ಒಂದು ಫೋನ್ ಮತ್ತು ಇಮೇಲ್ ಕೂಡ ಹಾಕಿ. ಬಾರ್‌ಕೋಡ್ ಜಾತ್ರೆಗೆ ಬೇಡ, ಅಂಗಡಿಗೆ ಅಥವಾ ಆನ್‌ಲೈನ್ ಮಳಿಗೆಗೆ ಕೊಡೋದಾದ್ರೆ ಮಾತ್ರ. ಹಾಕಿದರೆ ಬಿಳಿ ಮೇಲೆ ಕಪ್ಪೇ. ಕೆಂಪು ಗೆರೆಯ ಬಾರ್‌ಕೋಡ್ ಚೆಂದ ಕಂಡರೂ ಸ್ಕ್ಯಾನರ್‌ನ ಕೆಂಪು ಬೆಳಕಿಗೆ ಅದು ಖಾಲಿ ಕಾಗದ.

ಹಟ್ಟಿ_ಹಾಡು, ಚಿತ್ರದುರ್ಗ

ಕೋಟೆ ಕೈಬಿಟ್ಟೆವು. ಗಣೆ ಅಡ್ಡಲಾಗಿ, 200 ಮತ್ತು 300ರ ಲೆಕ್ಕ ಎಲ್ಲರಿಗೂ ಒಪ್ಪಿಗೆ. ಎರಡು ಅನುಮಾನ ಉಳಿದಿವೆ. ಈಗ ಎರಡೂ ಒಟ್ಟಿಗೆ ಇರಲ್ಲವಲ್ಲ, ಬೆನ್ನು 6 ಬೇಕಾ? ಲ್ಯಾಮಿನೇಶನ್ ಮ್ಯಾಟಾ (ಹೊಳಪಿಲ್ಲದ್ದು), ಗ್ಲಾಸಿಯಾ (ಹೊಳೆಯೋದು)? ಮೇಲೆ ಶ್ರಿಂಕ್ (ಬಿಸಿಗೆ ಬಿಗಿಯುವ ಪ್ಲಾಸ್ಟಿಕ್) ಸುತ್ತಿಸಬೇಕು ಅಂತಲೂ ಇದೆ, ಜಾತ್ರೆ ಧೂಳಿಗೆ.

ಗ್ರಿಪ್ಪರ್, ದಾವಣಗೆರೆ

ಬೆನ್ನು 5ಕ್ಕೆ ಇಳಿಸಿ. ದುಂಡು ರಟ್ಟಿನ ಬಗೆ 1.6 + 2 + ಪುಸ್ತಿಕೆ 0.8 = 4.4, ಹಿಂದಿನ ಕಾಗದ, ಅಂಟು ಸೇರಿ 5ರ ಒಳಗೆ. ಸಿಡಿ ಬಗೆ 3.6, ಸ್ವಲ್ಪ ಸಡಿಲ, ಆದರೆ ನಿಲ್ಲುತ್ತೆ. ಬೆನ್ನಿನ ಅಕ್ಷರ ಮಾತ್ರ 7 ಪಾಯಿಂಟ್‌ಗೆ ತನ್ನಿ, ಮಡಿಕೆ ಅರ್ಧ ಮಿ.ಮೀ. ಆಚೀಚೆ ಆದರೂ ಒತ್ತು ಉಳಿಯುತ್ತೆ. ಬೆನ್ನಿನ ಹಿನ್ನೆಲೆಯೂ ಮುಖಪುಟದ ಬಣ್ಣವೇ ಮುಂದುವರಿಯಲಿ. ಬೆನ್ನಿಗೆ ಬೇರೆ ಬಣ್ಣ ಕೊಟ್ಟರೆ ಮಡಿಕೆ ತಪ್ಪಿದ್ದು ಊರಿಗೆಲ್ಲ ಗೊತ್ತಾಗುತ್ತೆ.

ಮ್ಯಾಟ್ ಹಾಕಿದರೆ ಕಂಬಳಿ ಕಂಬಳಿಯಾಗಿ ಕಾಣುತ್ತೆ, ಆದರೆ ಕಪ್ಪಿನ ಮೇಲೆ ಬೆರಳಚ್ಚು, ಉಜ್ಜಿದ ಗುರುತು ಎರಡೂ ಎದ್ದು ಕಾಣುತ್ತೆ. ನಮ್ಮೂರಲ್ಲಿ ಬೆಣ್ಣೆ ದೋಸೆ ತಿಂದ ಕೈಯಲ್ಲಿ ಮುಟ್ಟಿದರಂತೂ ಹೇಳೋದೇ ಬೇಡ. ಆ್ಯಂಟಿ ಸ್ಕಫ್ (ಉಜ್ಜಿದ ಗುರುತು ತಡೆಯುವ) ಮ್ಯಾಟ್ ಫಿಲ್ಮ್ ಸಿಗುತ್ತೆ, ಕೇಳಿ ನೋಡಿ. ಇಲ್ಲಾಂದ್ರೆ ಹೊರಗೆ ಬಿದಿರಿನ ತಿಳಿ ಬಣ್ಣ ಇಟ್ಟು ಮಾಮೂಲಿ ಮ್ಯಾಟ್, ಕಪ್ಪೆಲ್ಲ ಒಳಗೆ. ಗ್ಲಾಸಿ ಬೇಡ, ಬಿಸಿಲಿನ ಮಳಿಗೆಯಲ್ಲಿ ಆಕಾಶ ಪ್ರತಿಫಲಿಸಿ ಹೆಸರೇ ಓದೋಕಾಗಲ್ಲ. ಪ್ರಿಂಟ್ ಆದ ದಿನವೇ ಲ್ಯಾಮಿನೇಶನ್‌ಗೆ ಕಳಿಸಬೇಡಿ, ಇಂಕ್ ಪೂರ್ತಿ ಒಣಗದಿದ್ದರೆ ಫಿಲ್ಮ್ ಅಡಿ ಗುಳ್ಳೆ ಏಳುತ್ತೆ. ಲ್ಯಾಮಿನೇಶನ್ ಆದ ಮೇಲೆ ಒಂದು ದಿನ ಭಾರ ಹೇರಿಡಿ. ಒಂದೇ ಮಗ್ಗುಲಿಗೆ ಫಿಲ್ಮ್ ಇರೋದರಿಂದ ಹಾಳೆ ಫಿಲ್ಮ್ ಕಡೆಗೇ ಸುರುಳಿ ಸುತ್ತುತ್ತೆ, ಡೈ ಮಷಿನ್‌ನಲ್ಲಿ ನೇರ ಕೂರಲ್ಲ.

ಶ್ರಿಂಕ್ ಬೇಡ. ಡಬ್ಬಿಯಾದರೆ ಸರಿ, ಈ ತೆಳು ವ್ಯಾಲೆಟ್‌ಗೆ ಫಿಲ್ಮ್ ಬಿಗಿದಾಗ ಮೂಲೆ ಬಾಗುತ್ತೆ. ಮದುವೆ ಪತ್ರಿಕೆ ಅಂಗಡಿಯಲ್ಲಿ ಸಿಗೋ ಬಿಒಪಿಪಿ (ಪಾರದರ್ಶಕ ಪ್ಲಾಸ್ಟಿಕ್) ಅಂಟು ಕವರ್ ತೆಗೆದುಕೊಳ್ಳಿ, ಒಳ ಅಳತೆ 135×135 ಸಾಕು. ಸಿಡಿನೋ ಪೆನ್‌ಡ್ರೈವೋ ಅನ್ನೋ ದುಂಡು ಸ್ಟಿಕ್ಕರ್ ಆ ಕವರ್ ಮೇಲೆ ಅಂಟಿಸಿ, ವ್ಯಾಲೆಟ್ ಎರಡಕ್ಕೂ ಒಂದೇ ಪ್ರಿಂಟ್ ಆಗುತ್ತೆ. ಸ್ಟಿಕ್ಕರ್ ಗಣೆಯ ಮೇಲೆ ಬೀಳದ ಹಾಗೆ ಡಿಸೈನ್‌ನಲ್ಲೇ 40 ಮಿ.ಮೀ. ಜಾಗ ಖಾಲಿ ಬಿಡಿ, ಮೇಲಿನ ಬಲ ಮೂಲೆಯಲ್ಲಿ.

ಡೈ ಮಾಡಿಸೋಕೆ ಮುಂಚೆ ಅದೇ 300 ಜಿಎಸ್‌ಎಂ ಬೋರ್ಡಲ್ಲಿ, ಪ್ರಿಂಟ್ ಇಲ್ಲದೆ, ಒಂದು ಬಿಳಿ ಡಮ್ಮಿ ಕೈಯಲ್ಲೇ ಕತ್ತರಿಸಿ ಅಂಟಿಸಿ. ಒಳಗೆ ಸಿಡಿ, ಪುಸ್ತಿಕೆ ಹಾಕಿ ತಲೆಕೆಳಗು ಹಿಡಿದು ಕೊಡವಿ. ಬಿದ್ದರೆ ಪಾಕೆಟ್ ಬಾಯಿಯ ನಡುವೆ ಬೆರಳಿಗಾಗಿ ಕೊರೆದ ಅರ್ಧಚಂದ್ರ ಚಿಕ್ಕದು ಮಾಡಿ. ಅಂಚೆಗೆ ಹೋಗುವ ಪ್ರತಿಗೆ ಎರಡು ಬದಿ 3 ಮಿ.ಮೀ. ಕೊರುಗೇಟೆಡ್ ರಟ್ಟು, ವ್ಯಾಲೆಟ್‌ಗಿಂತ ಸುತ್ತ 10 ಮಿ.ಮೀ. ದೊಡ್ಡದು. ಪೆಟ್ಟು ಬೀಳೋದು ಮೂಲೆಗೆ.